ಸತ್ತವರನ್ನು ಎಣಿಸಿದವರು ಯಾರು?

ವಿಜಯನಗರದ ನಮ್ಮ ಬೀದಿಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದಳು. ‘ಸಾರ್, ಟಿಪ್ಪುವಿನ ಆಳ್ವಿಕೆಯಲ್ಲಿ ಹೆಚ್ಚು ಜನ ಸತ್ತರೋ, ಇಂಗ್ಲಿಷರ ದಂಡಯಾತ್ರೆಯಲ್ಲೋ? ಎರಡು ಅಂಕಿ ಕೊಡಿ ಸಾಕು’ ಎಂದಳು. ಅವಳ ಅಜ್ಜಿ ಮಡಿಕೇರಿಯವರು. ಅಜ್ಜಿ ಹೇಳುವ ಸಂಖ್ಯೆಯನ್ನು ಅಪ್ಪ ಒಪ್ಪುವುದಿಲ್ಲ. ಮನೆಯಲ್ಲಿ ದಿನವೂ ಜಗಳ.

ನಾನು ವಿಜ್ಞಾನದ ಮೇಷ್ಟ್ರು. ಅಂಕಿ ಕಂಡರೆ ‘ಅಳೆದದ್ದು ಹೇಗೆ?’ ಎಂದು ಕೇಳುವುದು ಚಾಳಿ.

ಕೊಡಗಿನಿಂದ ಶ್ರೀರಂಗಪಟ್ಟಣಕ್ಕೆ ಟಿಪ್ಪು ಸೆರೆ ಒಯ್ದವರು ಅವನದೆನ್ನುವ ಪತ್ರವೊಂದರಲ್ಲಿ 40,000, ವಿಲ್ಕ್ಸ್ ಬರೆದ ಇತಿಹಾಸದಲ್ಲಿ 70,000, ಲೂಯಿಸ್ ರೈಸ್ ಪ್ರಕಾರ 85,000. ಒಬ್ಬೊಬ್ಬರನ್ನೇ ಎಣಿಸಿದರೆ ಇಷ್ಟೊಂದು ಸೊನ್ನೆ ಬೀಳುತ್ತದೆಯೇ? 1871ರ ಜನಗಣತಿಯಲ್ಲೂ ಇಡೀ ಕೊಡಗಿನ ಜನ 1,68,312 ಮಾತ್ರ. ಸೆರೆ ಒಯ್ದದ್ದು ಸುಳ್ಳಲ್ಲ, ಅಜ್ಜಿಯ ನೋವೂ ಸುಳ್ಳಲ್ಲ. ಆದರೆ ಇವು ಸೆರೆಯಾದವರ ಅಂಕಿ, ಸತ್ತವರದಲ್ಲ. ಇನ್ನೊಂದು ತೊಡಕೂ ಇದೆ: ಕೊಡವರ ಕಣ್ಣಿಗೆ ಟಿಪ್ಪುವೇ ಹೊರಗಿನಿಂದ ದಂಡೆತ್ತಿ ಬಂದವನು. ಅವರನ್ನು ಯಾವ ಕಾಲಮ್ಮಿಗೆ ಹಾಕೋಣ?

ಇಂಗ್ಲಿಷರ ಕಡೆಗೆ ಬನ್ನಿ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಪೇಟೆಗೆ ನುಗ್ಗಿತು. ಅಲ್ಲಿ ಸತ್ತ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸನ ಹೆಸರು ಪುಸ್ತಕಗಳಲ್ಲಿದೆ. ಪೇಟೆಯ ನೇಕಾರನ, ಗಾಣಿಗನ ಹೆಸರಿಲ್ಲ. ದಂಡು ತನ್ನವರನ್ನು ಎಣಿಸುತ್ತದೆ, ಊರಿನವರನ್ನಲ್ಲ.

ಹಿಂದಿನ ಜನಸಂಖ್ಯೆ ಗೊತ್ತಿದ್ದರೆ ಕಳೆಯುವ ಲೆಕ್ಕವಾದರೂ ಮಾಡಬಹುದು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50.55 ಲಕ್ಷ ಜನರಿದ್ದರು, 1881ರಲ್ಲಿ 41.86 ಲಕ್ಷ. ನಡುವೆ ಬಂದದ್ದು 1876–78ರ ಭೀಕರ ಕ್ಷಾಮ. ಆಗ ಆಡಳಿತ ಬ್ರಿಟಿಷ್ ಕಮಿಷನರರದು. ಅಲ್ಲಿ ಗುಂಡು ಹಾರಲಿಲ್ಲ, ಆದರೂ ಗಣತಿ ಇದ್ದುದರಿಂದ ನಷ್ಟ ಕಣ್ಣಿಗೆ ಬಿತ್ತು. ಟಿಪ್ಪುವಿನ ಕಾಲಕ್ಕೆ ಅಂಥ ಗಣತಿಯೇ ಇಲ್ಲ.

‘ಈಗಿನ ಕಾಲದಲ್ಲಾದರೆ ಸುಲಭ ಅಲ್ವಾ ಸಾರ್?’ ಎಂದಳು. ಅದೂ ಅಲ್ಲ. ಇರಾಕಿನಲ್ಲಿ ಸದ್ದಾಂ ಹುಸೇನನ ಸರ್ವಾಧಿಕಾರವೂ ಇತ್ತು, 2003ರಲ್ಲಿ ಅಮೆರಿಕದ ದಾಳಿಯೂ ಆಯಿತು. 1988ರಲ್ಲಿ ಸದ್ದಾಂ ಕೊಲ್ಲಿಸಿದ ಕುರ್ದರು 50,000ದಿಂದ ಒಂದು ಲಕ್ಷ ಎಂದು ಒಂದು ಅಂದಾಜು. 1,82,000 ಎನ್ನುತ್ತಾರೆ ಕುರ್ದರು. ದಾಳಿಯ ನಂತರ 2006ರ ಮಧ್ಯದವರೆಗೆ ಹಿಂಸೆಗೆ ಸತ್ತವರು, 1,849 ಮನೆಗಳಲ್ಲಿ ವಿಚಾರಿಸಿದ ಸಮೀಕ್ಷೆಯಂತೆ ಸುಮಾರು ಆರು ಲಕ್ಷ; 9,345 ಮನೆಗಳ ಇನ್ನೊಂದು ಸಮೀಕ್ಷೆಯಂತೆ 1,51,000. ಹೆಚ್ಚುಕಡಿಮೆ ಅದೇ ಅವಧಿ, ನಾಲ್ಕು ಪಟ್ಟು ವ್ಯತ್ಯಾಸ! ನಮ್ಮ ಪ್ರಯೋಗಶಾಲೆಯಲ್ಲಿ ಇಷ್ಟು ಅಂತರ ಬಂದರೆ ಮತ್ತೆ ಮಾಡಿ ಎನ್ನುತ್ತೇನೆ. ಇಲ್ಲಿ ಮತ್ತೆ ಮಾಡುವುದೆಲ್ಲಿ?

ಹುಡುಗಿಗೆ ಬೇಸರವಾಯಿತು. ಭಾನುವಾರ ಅವಳನ್ನೂ ಅವಳ ಅಪ್ಪನನ್ನೂ ಕೆ.ಆರ್. ಮಾರುಕಟ್ಟೆಯ ಹತ್ತಿರದ ಕೋಟೆಗೆ ಕರೆದೊಯ್ದೆ. ಬ್ರಿಟಿಷರು ಗೋಡೆ ಒಡೆದು ಒಳನುಗ್ಗಿದ ಜಾಗದಲ್ಲಿ ಕಲ್ಲಿನ ಫಲಕವಿದೆ, 1791ರ ಮಾರ್ಚ್ 21 ಎಂಬ ತಾರೀಖಿನೊಡನೆ. ಅವಳು ಎರಡು ಸಲ ಓದಿ, ‘ಎಷ್ಟು ಜನ ಅಂತ ಬರೆದೇ ಇಲ್ಲವಲ್ಲ ಸಾರ್’ ಎಂದಳು.