ಕಾಗದದ ಹಿಂದಿರುವ ಮಾತು

ಸವದತ್ತಿ ತಾಲೂಕಿನ ಮುನವಳ್ಳಿ, ಅಂದರೆ ಜನರ ಬಾಯಲ್ಲಿ ಇಂದಿಗೂ ಮನೋಳಿಯಾಗಿಯೇ ಉಳಿದಿರುವ ಮಲಪ್ರಭೆಯ ದಂಡೆಯ ಊರು. ಅಲ್ಲಿಯ ಯಾವುದೇ ಗೃಹಸ್ಥರ ಮನೆಯ ತಿಜೋರಿಯನ್ನು ತೆರೆದು ನೋಡಿದರೂ ಎರಡು ಬಗೆಯ ಕಾಗದಗಳು ಕಾಣುತ್ತವೆ: ಒಂದು ನೋಟು, ಇನ್ನೊಂದು ಠೇವಣಿಯ ಪಾಸ್‌ಬುಕ್ಕು ಇಲ್ಲವೆ ರಸೀದಿ. ಎರಡನ್ನೂ ನಾವು ಹಣವೆಂದೇ ಕರೆಯುತ್ತೇವೆ. ನಿಜವಾಗಿ ನೋಡಿದರೆ ಎರಡೂ ಹಣವಲ್ಲ, ಹಣ ಕೊಡುವೆವೆಂಬ ಮಾತು. ಮಾತು ಕೊಟ್ಟವರು ಯಾರು, ಆ ಮಾತಿನ ಹಿಂದೆ ನಿಂತವರು ಯಾರು ಎಂಬುದನ್ನು ಅರಿಯದೆ ಕಾಗದವನ್ನು ಮಾತ್ರ ಜೋಪಾನ ಮಾಡುವುದು ಜಾಣತನವಲ್ಲ. ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ.

ಹಿಂದಿನವರಿಗೆ ಹಣವೆಂದರೆ ಲೋಹ. ಅದು ಭಾರವಾದುದು, ಕಸಿದುಕೊಳ್ಳಲು ಸುಲಭವಾದುದು. 1800ರ ಜುಲೈ 30ರಂದು ಇದೇ ಮನೋಳಿಯ ಬಳಿ ಧೋಂಡಿಯಾ ವಾಘನ ಪಾಳೆಯದ ಮೇಲೆ ಕರ್ನಲ್ ವೆಲ್ಲೆಸ್ಲಿಯ ಸೇನೆ ಎರಗಿದಾಗ ಅವನ ಸಾಮಾನು ಸರಂಜಾಮೆಲ್ಲ ಶತ್ರುಗಳ ಪಾಲಾಯಿತು. ಅಂಥ ಕಾಲದಲ್ಲಿ ವ್ಯಾಪಾರಿಗಳು ಎತ್ತಿನ ಮೇಲೆ ರೂಪಾಯಿಯ ಚೀಲ ಹೇರುವ ಬದಲು ಹುಂಡಿಯನ್ನು ನೆಚ್ಚಿದರು. ಶಾಹಜೋಗ ಹುಂಡಿಯ ಹಣವನ್ನು ಮಾನ್ಯನಾದ ಸಾಹುಕಾರನಿಗೆ ಮಾತ್ರ ಸಲ್ಲಿಸಬೇಕಾದುದರಿಂದ, ದಾರಿಯಲ್ಲಿ ಕದ್ದವನಿಗೆ ಅದು ಬರಿಯ ಕಾಗದ. ಅದರ ಬೆಲೆ ಇದ್ದುದು ಬರೆದವನ ಮರ್ಯಾದೆಯಲ್ಲಿ.

ಅಚ್ಚಾದ ನೋಟು ಬಂದದ್ದು ಬ್ಯಾಂಕುಗಳ ಮೂಲಕ. 1840ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬಾಂಬೆ ತನ್ನದೇ ನೋಟುಗಳನ್ನು ಹೊರಡಿಸುತ್ತಿತ್ತು. 1861ರ ಕಾಗದದ ಹಣದ ಕಾಯಿದೆ ಆ ಅಧಿಕಾರವನ್ನು ಬ್ಯಾಂಕುಗಳಿಂದ ತೆಗೆದು ಸರಕಾರಕ್ಕೆ ಕೊಟ್ಟಿತು. ಅದೇ ವರ್ಷ ಅಮೇರಿಕದಲ್ಲಿ ಅಂತರ್ಯುದ್ಧ ಪ್ರಾರಂಭವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ನಮ್ಮ ಎರೆಭೂಮಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಮುಂಬಯಿಯಲ್ಲಿ ಹಣ ಹೊಳೆಯಾಗಿ ಹರಿದು, ಷೇರುಗಳ ಜೂಜಾಟಕ್ಕೆ ಬ್ಯಾಂಕು ಮಿತಿಮೀರಿ ಸಾಲ ಕೊಟ್ಟಿತು. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. 1868ರಲ್ಲಿ ಆ ಬ್ಯಾಂಕನ್ನೇ ಮುಚ್ಚಿ, ಅದೇ ಹೆಸರಿನ ಹೊಸ ಬ್ಯಾಂಕನ್ನು ಕಟ್ಟಬೇಕಾಯಿತು. ಷೇರುದಾರರು ಬಂಡವಾಳ ಕಳೆದುಕೊಂಡರು. ಆದರೆ ನೋಟು ಹಿಡಿದವನಿಗೆ ಬಾಧಕವಾಗಲಿಲ್ಲ. ಏಕೆಂದರೆ ನೋಟು ಆಗಲೇ ಸರಕಾರದ್ದಾಗಿತ್ತು. ಕಾಗದ ಯಾವುದೆಂಬುದಕ್ಕಿಂತ ಅದರ ಹಿಂದೆ ನಿಂತವರು ಯಾರೆಂಬುದು ದೊಡ್ಡದೆಂಬ ಪಾಠ ಅಂದೇ ದೊರೆತಿತ್ತು.

ಸರಕಾರದ ನೋಟಿಗೂ ಬಹುಕಾಲ ಎಲ್ಲೆಕಟ್ಟು ಇದ್ದಿತು. ದೇಶವನ್ನು ಚಲಾವಣೆಯ ವೃತ್ತಗಳಾಗಿ ವಿಂಗಡಿಸಿದ್ದರು. ಬೆಳಗಾವಿ, ಧಾರವಾಡಗಳು ಮುಂಬಯಿ ವೃತ್ತಕ್ಕೆ ಸೇರಿದ್ದರೆ ಬಳ್ಳಾರಿ ಮದ್ರಾಸು ವೃತ್ತಕ್ಕೆ ಸೇರಿತ್ತು. ಮದ್ರಾಸಿನ ಹತ್ತು ರೂಪಾಯಿಯ ನೋಟನ್ನು ಬಳ್ಳಾರಿಯ ವ್ಯಾಪಾರಿ ಬೈಲಹೊಂಗಲಕ್ಕೆ ತಂದರೆ, ಅದನ್ನು ಸ್ವೀಕರಿಸಲೇಬೇಕೆಂಬ ಕಟ್ಟಳೆ ಇಲ್ಲಿಯವರಿಗೆ ಇರಲಿಲ್ಲ. ಕನ್ನಡನಾಡು ಆಡಳಿತದಲ್ಲಿ ಹರಿದು ಹಂಚಿಹೋಗಿದ್ದಂತೆ ನೋಟಿನಲ್ಲಿಯೂ ಹಂಚಿಹೋಗಿತ್ತು. ಐದು ರೂಪಾಯಿಯ ನೋಟು 1903ರಲ್ಲಿ ಬರ್ಮಾ ಹೊರತಾಗಿ ಎಲ್ಲೆಡೆ ಸಲ್ಲುವಂತಾಯಿತು. ಹತ್ತು, ಐವತ್ತು ರೂಪಾಯಿಗಳ ನೋಟುಗಳು 1910ರಲ್ಲಿ, ನೂರರ ನೋಟು 1911ರಲ್ಲಿ ಹಾಗಾದವು. ಟಪಾಲಿನಲ್ಲಿ ಕಳಿಸುವವರು ನೋಟನ್ನು ಎರಡಾಗಿ ಕತ್ತರಿಸಿ, ಮೊದಲರ್ಧ ತಲುಪಿದ ಸುದ್ದಿ ಬಂದ ಮೇಲೆ ಎರಡನೆಯ ಅರ್ಧವನ್ನು ಕಳಿಸುತ್ತಿದ್ದರು.

ಒಂದು ರೂಪಾಯಿಯ ನೋಟು ಹೊರಟದ್ದು 1917ರ ನವೆಂಬರ 30ರಂದು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಏರಿ ರೂಪಾಯಿ ಟಂಕಿಸುವುದು ಕಷ್ಟವಾಗಿತ್ತು. ಜನ ಕಾಗದವನ್ನು ನಂಬದೆ ಬೆಳ್ಳಿ ಕೇಳತೊಡಗಿದರು. ಪೇಟೆಯಲ್ಲಿ ನೋಟಿಗೆ ವಟ್ಟ ಹಿಡಿಯುತ್ತಿದ್ದರು. ಕೊನೆಗೆ 1918ರ ಪಿಟ್‌ಮನ್ ಕಾಯಿದೆಯಂತೆ ಅಮೇರಿಕದ ಖಜಾನೆಯ 20 ಕೋಟಿ ಔನ್ಸ್ ಬೆಳ್ಳಿ ಭಾರತಕ್ಕೆ ಬಂದು ಸರಕಾರದ ಮಾತನ್ನು ಉಳಿಸಿತು.

ಆ ಅಮೇರಿಕದಲ್ಲಿ ನಮ್ಮಲ್ಲಿಲ್ಲದ ಒಂದು ಪದ್ಧತಿ ಇತ್ತು. 1863ರಿಂದ 1935ರವರೆಗೆ ಅಲ್ಲಿಯ ಸಣ್ಣ ಪಟ್ಟಣಗಳ ಬ್ಯಾಂಕುಗಳೂ ತಮ್ಮ ಊರಿನ ಹೆಸರು ಹೊತ್ತ, ತಮ್ಮ ಅಧಿಕಾರಿಗಳು ಸಹಿ ಮಾಡಿದ ನೋಟುಗಳನ್ನು ಹೊರಡಿಸುತ್ತಿದ್ದವು. ಅದಕ್ಕೆ ಈಡಾಗಿ ಸರಕಾರದ ಸಾಲಪತ್ರಗಳನ್ನು ಖಜಾನೆಯಲ್ಲಿ ಇಡಬೇಕಾಗಿತ್ತು. ಬ್ಯಾಂಕು ದಿವಾಳಿಯಾದರೆ ನೋಟು ಹಿಡಿದವನಿಗೆ ಖಜಾನೆ ಹಣ ಕೊಡುತ್ತಿತ್ತು. ಅದೇ ಬ್ಯಾಂಕಿನಲ್ಲಿ ಠೇವಣಿ ಇಟ್ಟವನು ಮಾತ್ರ ಉಳಿದ ಆಸ್ತಿಯ ಪಾಲಿಗಾಗಿ ಕಾಯಬೇಕಾಗುತ್ತಿತ್ತು. ಊರು ಒಂದೇ, ಬ್ಯಾಂಕು ಒಂದೇ. ಆದರೆ ಎರಡು ಕಾಗದಗಳ ಗತಿ ಬೇರೆ ಬೇರೆ.

ನಮ್ಮ ಸಣ್ಣ ಊರುಗಳ ಬ್ಯಾಂಕುಗಳು ನೋಟು ಅಚ್ಚು ಹಾಕಲಿಲ್ಲ. ಅವು ಹುಟ್ಟಿದ್ದೇ ಬೇರೊಂದು ಬೇರಿನಿಂದ, 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಿಂದ. ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಹೆಸರಾಯಿತು. ನಮ್ಮ ಜಿಲ್ಲೆಯೂ ಹಿಂದೆ ಬೀಳಲಿಲ್ಲ. ಮನೋಳಿಯಿಂದ ವಾಯವ್ಯಕ್ಕಿರುವ ಗೋಕಾವಿಯಲ್ಲಿ 1906ರ ಫೆಬ್ರುವರಿ 15ರಂದು ಗೋಕಾಕ ಅರ್ಬನ್ ಸಂಘವೂ, ಎಂಟೇ ದಿನಗಳ ತರುವಾಯ 23ರಂದು ಬೆಳಗಾವಿ ಪಾಯೋನಿಯರ್ ಸಂಘವೂ ನೋಂದಣಿಯಾದವು. ಇಡಿಯ ದೇಶದ ಮೊದಮೊದಲ ಪಟ್ಟಣ ಸಹಕಾರಿ ಸಂಘಗಳ ಪಂಕ್ತಿಯಲ್ಲಿ ಇವುಗಳ ಹೆಸರು ಬರುತ್ತದೆ. ಹತ್ತು ರೂಪಾಯಿಯ ನೋಟು ಇನ್ನೂ ತನ್ನ ವೃತ್ತದ ಗಡಿ ದಾಟಲಾರದಿದ್ದ ಕಾಲದಲ್ಲಿ ಗೋಕಾವಿಯ ಜನರು ಪರಸ್ಪರರ ಮಾತಿನ ಮೇಲೆ ಒಂದು ಸಂಸ್ಥೆಯನ್ನು ನಿಲ್ಲಿಸಿದರೆಂಬುದು ಅಭಿಮಾನದ ಸಂಗತಿ.

ಈ ಸಂಘಗಳ ಮಾತಿನ ಹಿಂದೆ ಯಾರಿದ್ದರು? 1904ರ ಕಾಯಿದೆ ಇದನ್ನು ಸ್ಪಷ್ಟಪಡಿಸಿತ್ತು. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘ ಸೋತರೆ ಪ್ರತಿಯೊಬ್ಬನ ಹೊಲಮನೆಗಳೂ ಸಾಲಕ್ಕೆ ಗುರಿಯಾಗುತ್ತಿದ್ದವು. ಪಟ್ಟಣದ ಸಂಘಗಳು ಹೊಣೆಯನ್ನು ಮಿತಿಗೊಳಿಸಿಕೊಳ್ಳಬಹುದಾಗಿತ್ತು. ಆದರೆ ಲಾಭದ ನಾಲ್ಕನೆಯ ಒಂದು ಪಾಲನ್ನಾದರೂ ಕಾಯ್ದಿಟ್ಟ ನಿಧಿಗೆ ಸೇರಿಸಬೇಕಾಗಿತ್ತು. ತನ್ನ ಹೊಲವೇ ಹೋದೀತೆಂಬ ಎಚ್ಚರವಿದ್ದವನು ನೆರೆಯವನ ಸಾಲದ ಮೇಲೆ ಕಣ್ಣಿಡದೆ ಇರುವನೆ? ಆ ಎಚ್ಚರವೇ ಅಂದಿನ ವಿಮೆ.

ಕಾಲ ಸರಿದಂತೆ ಸಂಘಗಳು ಬೆಳೆದವು, ಸದಸ್ಯರ ಎಚ್ಚರ ಸಡಿಲಾಯಿತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು, ಅಕೋಲೆಯ ಲಕ್ಷ್ಮೀ ಬ್ಯಾಂಕುಗಳು ಬಿದ್ದಾಗ ಜನರ ಗೋಳು ಸರಕಾರದ ಕಣ್ಣು ತೆರೆಸಿತು. 1962ರ ಜನವರಿ 1ರಿಂದ ಠೇವಣಿಗಳಿಗೆ ವಿಮೆ ಬಂದಿತು. ಮೊದಲಿಗೆ ಅದರ ಮಿತಿ 1,500 ರೂಪಾಯಿ. 1993ರಲ್ಲಿ ಒಂದು ಲಕ್ಷವಾಗಿ, 2020ರ ಫೆಬ್ರುವರಿ 4ರಿಂದ ಐದು ಲಕ್ಷವಾಯಿತು. ಇದು ಅಸಲು ಬಡ್ಡಿ ಸೇರಿದ ಮಿತಿ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೂ ಒಬ್ಬನದೆಲ್ಲ ಕೂಡಿಸಿಯೇ ಎಣಿಕೆ. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಉಂಟು. ಆದರೆ ರಿಜರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಪತ್ತಿನ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಅದು ಇಲ್ಲ. ಹೊರಗಿನ ಫಲಕ, ಒಳಗಿನ ಪಾಸ್‌ಬುಕ್ಕು ಬ್ಯಾಂಕಿನಂತೆಯೇ ಕಂಡರೂ ಹಿಂದೆ ನಿಂತವರು ಬೇರೆ. ಮಗಳ ಮದುವೆಗೆಂದು, ನಿವೃತ್ತಿಯ ದಿನಗಳಿಗೆಂದು ಕೂಡಿಟ್ಟ ಹಣವನ್ನು ನೂರಕ್ಕೆ ಒಂದೆರಡು ರೂಪಾಯಿ ಹೆಚ್ಚಿನ ಬಡ್ಡಿಯ ಆಸೆಗೆ ಒಂದೇ ಕಡೆ ಸುರಿಯುವವರು ಈ ಭೇದವನ್ನು ಮೊದಲು ತಿಳಿಯತಕ್ಕದ್ದು.

ಸಂಘಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸರಕಾರ ಹಿಂದೆ ನಿಂತ ನೋಟೂ ಪೂರ್ಣ ನಿಶ್ಚಿಂತವಲ್ಲವೆಂಬುದನ್ನು 2016ರ ನವೆಂಬರ 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ರದ್ದಾದಾಗ, ಅಕ್ಕಿಯ ಡಬ್ಬಿಯಲ್ಲಿ ಗುಟ್ಟಾಗಿ ಹಣ ಕೂಡಿಟ್ಟಿದ್ದ ನಮ್ಮ ತಾಯಂದಿರು ಅನುಭವಿಸಿದರು. ಅದೇ ತಿಂಗಳ 14ರಿಂದ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕುಗಳು ಹಳೆಯ ನೋಟು ಸ್ವೀಕರಿಸಬಾರದೆಂದಾದಾಗ, ಅವನ್ನೇ ನಂಬಿದ್ದ ಹಳ್ಳಿಗರು ಪಟ್ಟಣಗಳ ಸರತಿಯಲ್ಲಿ ನಿಲ್ಲಬೇಕಾಯಿತು.

ಆದ್ದರಿಂದ ಗೃಹಸ್ಥರು ಮಾಡಬೇಕಾದುದಿಷ್ಟು. ಠೇವಣಿ ಇಡುವ ಮೊದಲು ಪರವಾನಗಿ, ವಿಮೆಗಳ ಬಗ್ಗೆ ಸಂಕೋಚವಿಲ್ಲದೆ ಕೇಳಬೇಕು. ಇಡಿಯ ಉಳಿತಾಯವನ್ನು ಒಂದೇ ಕಡೆ ಇಡಬಾರದು. ಎಲ್ಲಿ ಏನಿದೆಯೆಂಬುದು ಮನೆಯ ಹೆಣ್ಣುಮಕ್ಕಳಿಗೂ ತಿಳಿದಿರಬೇಕು, ನಾಮನಿರ್ದೇಶನ ಆಗಿರಬೇಕು. ಸಂಘದ ಸದಸ್ಯರಾದವರು ವಾರ್ಷಿಕ ಸಭೆಗೆ ಉಪ್ಪಿಟ್ಟು ಚಹಕ್ಕಾಗಿ ಹೋಗದೆ, ಲೆಕ್ಕಪರಿಶೋಧನೆಯ ವರದಿಯನ್ನು ಓದಿ, ವಸೂಲಾಗದ ಸಾಲವೆಷ್ಟೆಂದು ಎದ್ದು ನಿಂತು ಕೇಳಬೇಕು.

ನಮ್ಮ ನೋಟುಗಳ ಮೇಲೆ ಹಿಂದಿಯಲ್ಲಿ, ಧಾರಕನಿಗೆ ಹಣ ಸಲ್ಲಿಸುವ ‘ವಚನ’ ಕೊಡುತ್ತೇನೆಂದು ಅಚ್ಚಾಗಿರುತ್ತದೆ. ವಚನವೆಂಬ ಶಬ್ದದ ತೂಕ ನಮ್ಮ ಮನೆತನಗಳಿಗೆ ಹೇಳಿಕೊಡಬೇಕಾದುದಲ್ಲ. ಕೊಟ್ಟವರು ವಚನವನ್ನು ನಡೆಸಬೇಕು, ನಿಜ. ನಡೆಸುತ್ತಿರುವರೋ ಇಲ್ಲವೋ ಎಂದು ನೋಡುತ್ತಿರುವುದು ಪಡೆದವರ ಕರ್ತವ್ಯ.