ಸಿರ್ಕಾ ಎಲ್ಲಿ ಬೇಕು, ಎಲ್ಲಿ ಬೇಡ

ಅಡುಗೆಮನೆಯ ಸಿರ್ಕಾ ಬಾಟಲಿ ಈಗ ಬಚ್ಚಲಿಗೂ ಬಂದಿದೆ. ನಲ್ಲಿಗೆ, ನೆಲಕ್ಕೆ, ಶೌಚಾಲಯಕ್ಕೆ ಎಲ್ಲದಕ್ಕೂ ಅದೇ. “ಸಿರ್ಕಾ ಯುನಾನಿ ಔಷಧ ಅಲ್ಲೇನ್ರೀ ಹಕೀಮ್ ಸಾಬ್, ಅದರಿಂದೇನು ತೊಂದರೆ?” ಎಂದು ತಾಯಂದಿರು ಕೇಳುತ್ತಾರೆ.

ಸಿರ್ಕಾದ ಗೌರವ ದೊಡ್ಡದು. ರೊಟ್ಟಿಯ ಜೊತೆ ನೆಂಚಿಕೊಳ್ಳಲು ಅದು ಒಳ್ಳೆಯದೆಂದು ಪ್ರವಾದಿಯವರು(ಸ) ಮೆಚ್ಚಿದ್ದರು. ಸಿರ್ಕಾಕ್ಕೆ ಜೇನು ಅಥವಾ ಸಕ್ಕರೆ ಸೇರಿಸಿದ ಸಿಕಂಜಬೀನ್ ನಮ್ಮ ವೈದ್ಯದಲ್ಲಿ ಹಳೆಯ ಮದ್ದು. ಆದರೆ ಊಟಕ್ಕೆ ಒಳ್ಳೆಯದಾದ ಮಾತ್ರಕ್ಕೆ ಮನೆಯ ಎಲ್ಲ ಕೆಲಸಕ್ಕೂ ಅದು ಸರಿ ಎನ್ನಲಾಗದು.

ಅದು ನಿಜವಾಗಿ ಕೆಲಸ ಮಾಡುವುದು ಸುಣ್ಣದ ಪದರದ ಮೇಲೆ. ಯಾದಗಿರಿ, ಶಹಾಪುರ, ಸುರಪುರ ಕಡೆ ಗಡಸು ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ವುಝೂ ಮಾಡುವ ನಲ್ಲಿ, ಸ್ಟೀಲ್ ಕೆಟಲ್‌ಗಳ ಮೇಲೆ ಬಿಳಿ ಪದರ ಕಟ್ಟುತ್ತದೆ. ಸಿರ್ಕಾದ ಹುಳಿ ಅದನ್ನು ಕರಗಿಸುತ್ತದೆ. ಸಮಪಾಲು ನೀರು ಬೆರೆಸಿ, ಬಟ್ಟೆ ನೆನೆಸಿ, ನಲ್ಲಿಗೆ ಅರ್ಧ ಗಂಟೆ ಸುತ್ತಿಡಿ. ಆಮೇಲೆ ಬ್ರಷ್‌ನಿಂದ ಉಜ್ಜಿ ಚೆನ್ನಾಗಿ ತೊಳೆಯಿರಿ. ಇದಕ್ಕೆ ಅಂಗಡಿಯ ಅಗ್ಗದ ಸಿಂಥೆಟಿಕ್ ಸಿರ್ಕಾ ಸಾಕು. ಕಲಾಯಿ ಹಾಕಿದ ತಾಮ್ರದ ದೇಗ್, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಮಾತ್ರ ನೆನೆಯಲು ಬಿಡಬೇಡಿ.

ನೆಲಕ್ಕೂ ಬೇಡ. ನಮ್ಮ ಮನೆಗಳ ಶಹಾಬಾದ್ ಫರಸಿ ಸುಣ್ಣದ ಕಲ್ಲು. ನಲ್ಲಿಯ ಪದರವನ್ನು ತಿನ್ನುವ ಹುಳಿ ಫರಸಿಯ ಹೊಳಪನ್ನೂ ತಿನ್ನುತ್ತದೆ. ಅಡುಗೆ ಸೋಡಾ ಜೊತೆ ಬೆರೆಸಿದರೆ ನೊರೆ ಉಕ್ಕುತ್ತದೆ ನಿಜ. ಆದರೆ ಹುಳಿ, ಸೋಡಾ ಒಂದರ ಶಕ್ತಿಯನ್ನೊಂದು ಕಳೆದು, ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಇಷ್ಟರಿಂದ ವಸ್ತು ಕೆಡಬಹುದು. ಮುಂದಿನದರಿಂದ ಜೀವವೇ ಹೋಗಬಹುದು. ಬ್ಲೀಚಿಂಗ್ ಪೌಡರ್ ಜೊತೆ ಸಿರ್ಕಾವನ್ನಾಗಲಿ, ಶೌಚಾಲಯದ ಆ್ಯಸಿಡ್ಡನ್ನಾಗಲಿ ಎಂದಿಗೂ ಬೆರೆಸಬೇಡಿ. ಒಂದು ಹಾಕಿದ ಮೇಲೆ ತೊಳೆಯದೆ ಇನ್ನೊಂದನ್ನು ಸುರಿಯಲೂ ಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ರಮಝಾನ್ ಮುಂಚಿನ ಸ್ವಚ್ಛತೆಯ ಭರದಲ್ಲಿ, ಕಿಟಕಿಯಿಲ್ಲದ ಶೌಚಾಲಯದಲ್ಲಿ ಬಾಗಿ ಉಜ್ಜುವ ಹೆಣ್ಣುಮಗಳ ಶ್ವಾಸಕೋಶಕ್ಕೇ ಅದು ನೇರವಾಗಿ ಹೋಗುತ್ತದೆ. ಕಣ್ಣುರಿ, ಕೆಮ್ಮು, ಎದೆ ಬಿಗಿತ ಕಂಡರೆ ಕೂಡಲೇ ಬಯಲಿಗೆ ಬನ್ನಿ. ನಮ್ಮಂಥ ಹಕೀಮರ ಬಳಿ ಬಂದು ಹೊತ್ತು ಕಳೆಯದೆ, ಆಮ್ಲಜನಕವಿರುವ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಹಾಗೆಂದು ಬ್ಲೀಚಿಂಗ್ ಪೌಡರ್ ಬಿಟ್ಟು ಸಿರ್ಕಾ ಒಂದನ್ನೇ ನಂಬುವುದೂ ತಪ್ಪು. 2023ರ ಫೆಬ್ರುವರಿಯಲ್ಲಿ ನಮ್ಮದೇ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ ಸಾವು ಸಂಭವಿಸಿತು. ಅಂಥ ರೋಗಾಣುಗಳ ವಿಷಯದಲ್ಲಿ ಸಿರ್ಕಾವನ್ನು ನೆಚ್ಚಿಕೊಳ್ಳುವಂತಿಲ್ಲ. ಕುಡಿಯುವ ನೀರನ್ನು ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ. ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ ಶೌಚಾಲಯಕ್ಕೆ ಬ್ಲೀಚಿಂಗ್ ಪೌಡರ್ ನೀರನ್ನೇ ಬಳಸಿ, ಅದೊಂದನ್ನೇ, ಬಾಗಿಲು ತೆರೆದಿಟ್ಟು.

ಜಮಾಅತ್ ಕಮಿಟಿಯವರಿಗೂ ಒಂದು ಮನವಿ. ಮಸೀದಿಯ ವುಝೂಖಾನೆ, ಶೌಚಾಲಯ ತೊಳೆಯುವವರ ಕೈಗೆ ಆ್ಯಸಿಡ್, ಬ್ಲೀಚಿಂಗ್ ಎರಡನ್ನೂ ಒಟ್ಟಿಗೆ ಕೊಡಬೇಡಿ. ಬೇರೆ ಬೇರೆ ಕಡೆ ಇಡಿ, ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆಸಿ. ಓದಲು ಬಾರದವರಿಗೆ ಬಾಯಿಬಿಟ್ಟು ಹೇಳಿ. ಶುಚಿತ್ವ ನಮ್ಮ ಈಮಾನಿನ ಭಾಗ. ಶುಚಿ ಮಾಡುವವರ ಜೀವ ಕಾಯುವುದೂ ನಮ್ಮದೇ ಹೊಣೆ.