ಎರಡು ಸ್ಪರ್ಧೆ, ಒಂದೇ ದೇಹ

ಕಳೆದ ವರ್ಷ ಜೂನ್ ತಿಂಗಳಲ್ಲಿ, ತರಗತಿ ಮುಗಿದ ಮೇಲೆ, ಎರಡನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬನು ನನ್ನ ಬಳಿಗೆ ಬಂದು, “ಸಾರ್, ಜನವರಿಯ ಮುಂಬಯಿ ಮ್ಯಾರಥಾನಿಗೂ ಅದಕ್ಕೆ ಮೊದಲು ನಡೆಯುವ ಒಂದು ಚಿಕ್ಕ ಟ್ರಯಾಥ್ಲಾನಿಗೂ ಒಟ್ಟಿಗೆ ಅಭ್ಯಾಸ ಮಾಡಬಹುದೇ?” ಎಂದು ಕೇಳಿದನು. ನಾನೂ ಓಡುವವನೆಂಬುದು ಅವನಿಗೆ ತಿಳಿದಿತ್ತು. “ಧಾರಾಳವಾಗಿ ಮಾಡು, ಹೆಚ್ಚು ಮಾಡಿದಷ್ಟೂ ಒಳ್ಳೆಯದು” ಎಂದು ಹೇಳಿ ನಾನು ಪ್ರಯೋಗಶಾಲೆಯ ಕಡೆಗೆ ನಡೆದೆನು. ಅವನು ಎರಡು ಸ್ಪರ್ಧೆಗಳ ಎರಡು ವೇಳಾಪಟ್ಟಿಗಳನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿ, ಎರಡನ್ನೂ ಚಾಚೂ ತಪ್ಪದೆ ನಡೆಸಿದನು. ಸೆಪ್ಟೆಂಬರಿನಲ್ಲಿ ಮೊಣಕಾಲ ಕೆಳಗಿನ ಎಲುಬಿನಲ್ಲಿ ಸೂಕ್ಷ್ಮವಾದ ಬಿರುಕು ಕಾಣಿಸಿಕೊಂಡಿತು. ಎರಡು ಸ್ಪರ್ಧೆಗಳೂ ಕೈತಪ್ಪಿಹೋದುವು. ಅವನ ಪ್ರಶ್ನೆ ಸರಿಯಾಗಿತ್ತು. ನನ್ನ ಉತ್ತರ ತಪ್ಪಾಗಿತ್ತು. ಅದನ್ನು ತಿದ್ದುವುದೇ ಈ ಲೇಖನದ ಉದ್ದೇಶ.

ಮೊದಲು ಈ ಎರಡು ಸ್ಪರ್ಧೆಗಳ ಸ್ವರೂಪವನ್ನು ನೋಡೋಣ. ಮ್ಯಾರಥಾನ್ ಎಂದರೆ ೪೨.೧೯೫ ಕಿಲೊಮೀಟರುಗಳ ಓಟ. ಚಿಕ್ಕ ಟ್ರಯಾಥ್ಲಾನಿನಲ್ಲಿ ಸಾಮಾನ್ಯವಾಗಿ ೭೫೦ ಮೀಟರು ಈಜು, ೨೦ ಕಿಲೊಮೀಟರು ಸೈಕಲ್ ಸವಾರಿ, ೫ ಕಿಲೊಮೀಟರು ಓಟ, ಇವು ಒಂದರ ಬೆನ್ನಿಗೆ ಒಂದಾಗಿ ಬರುತ್ತವೆ. ಓಟದಲ್ಲಿ ಒಂದು ಕಿಲೊಗ್ರಾಮ್ ತೂಕವನ್ನು ಒಂದು ಕಿಲೊಮೀಟರು ಸಾಗಿಸಲು ಸುಮಾರು ಒಂದು ಕಿಲೊಕ್ಯಾಲೊರಿ ಶಕ್ತಿ ವೆಚ್ಚವಾಗುತ್ತದೆ. ಈ ಲೆಕ್ಕದಂತೆ ೬೦ ಕಿಲೊಗ್ರಾಮ್ ತೂಕದ ಯುವಕನಿಗೆ ಮ್ಯಾರಥಾನಿಗೆ ಬೇಕಾದುದು ಸುಮಾರು ೨,೫೦೦ ಕಿಲೊಕ್ಯಾಲೊರಿ. ಚಿಕ್ಕ ಟ್ರಯಾಥ್ಲಾನಿಗೆ ಸುಮಾರು ಸಾವಿರ ಸಾಕು.

ದೇಹವು ಗ್ಲೈಕೊಜನ್ ಎಂಬ ಪಿಷ್ಟದ ರೂಪದಲ್ಲಿ ಕೂಡಿಟ್ಟಿರುವ ಇಂಧನವಾದರೋ ೪೦೦ರಿಂದ ೫೦೦ ಗ್ರಾಮ್; ಗ್ರಾಮಿಗೆ ೪ ಕಿಲೊಕ್ಯಾಲೊರಿಯಂತೆ ಹೆಚ್ಚೆಂದರೆ ೨,೦೦೦. ಮ್ಯಾರಥಾನಿಗೆ ಈ ಭಂಡಾರ ಸಾಲದು. ಉಳಿದುದನ್ನು ಕೊಬ್ಬಿನಿಂದ ಪಡೆಯಬೇಕು. ಕೊಬ್ಬು ನಿಧಾನವಾಗಿ ಶಕ್ತಿ ಕೊಡುವ ಇಂಧನ. ಮೂವತ್ತು ಕಿಲೊಮೀಟರು ದಾಟಿದ ಮೇಲೆ ಎಷ್ಟೋ ಮಂದಿಯ ಕಾಲು ಕಲ್ಲಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಟ್ರಯಾಥ್ಲಾನಿಗೆ ಈ ತೊಂದರೆಯಿಲ್ಲ. ಅಲ್ಲಿ ಶಕ್ತಿಯನ್ನು ಎಷ್ಟು ಬೇಗ ವ್ಯಯಿಸಬಲ್ಲಿರಿ ಎಂಬುದೇ ಪ್ರಶ್ನೆ. ಭೌತವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ಒಂದು ಶಕ್ತಿಯ ಪರೀಕ್ಷೆ, ಇನ್ನೊಂದು ಸಾಮರ್ಥ್ಯದ ಪರೀಕ್ಷೆ.

ಹಾಗಾದರೆ ಒಂದರ ಅಭ್ಯಾಸ ಇನ್ನೊಂದಕ್ಕೆ ಉಪಯೋಗವಾದೀತೆ? ಇದಕ್ಕೆ ಎರಡು ಪ್ರಯೋಗಗಳು ಉತ್ತರ ಕೊಡುತ್ತವೆ. ೧೯೬೬ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ಎಂಬ ವಿಜ್ಞಾನಿಗಳು ತಮ್ಮ ಮೇಲೆಯೇ ಪ್ರಯೋಗ ನಡೆಸಿದರು. ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಪಕ್ಕಗಳಲ್ಲಿ ಕುಳಿತು ಒಬ್ಬೊಬ್ಬರೂ ಒಂದೊಂದೇ ಕಾಲಿನಿಂದ ಅದನ್ನು ದಣಿಯುವವರೆಗೂ ತುಳಿದರು. ದುಡಿದ ಕಾಲಿನ ಗ್ಲೈಕೊಜನ್ ಬರಿದಾಯಿತು. ಸುಮ್ಮನಿದ್ದ ಕಾಲಿನದು ಹಾಗೆಯೇ ಉಳಿಯಿತು. ಆಮೇಲೆ ಮೂರು ದಿನ ಪಿಷ್ಟಪ್ರಧಾನವಾದ ಆಹಾರ ಸೇವಿಸಿದಾಗ, ದುಡಿದ ಕಾಲು ಇನ್ನೊಂದರ ಸುಮಾರು ಎರಡರಷ್ಟು ಗ್ಲೈಕೊಜನನ್ನು ಕೂಡಿಟ್ಟಿತು. ೧೯೭೬ರಲ್ಲಿ ಸಾಲ್ಟಿನ್ ಮತ್ತು ಅವರ ಸಹೋದ್ಯೋಗಿಗಳು ಒಂದೇ ಕಾಲಿಗೆ ಕೆಲವು ವಾರ ಅಭ್ಯಾಸ ಕೊಡಿಸಿ ನೋಡಿದರು. ಆ ಕಾಲಿನ ಸಾಮರ್ಥ್ಯ ಚೆನ್ನಾಗಿ ಹೆಚ್ಚಿತು. ಮತ್ತೊಂದರದು ಅಲ್ಪವಾಗಿ ಮಾತ್ರ. ಎರಡು ಕಾಲುಗಳಿಗೂ ರಕ್ತವನ್ನು ಒದಗಿಸಿದ ಹೃದಯ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು. ಹೃದಯಕ್ಕೆ ಆದ ಲಾಭ ದೇಹಕ್ಕೆಲ್ಲ ಹಂಚಿಕೆಯಾಗುತ್ತದೆ. ಸ್ನಾಯುವಿಗೆ ಆದ ಲಾಭ ದುಡಿದ ಸ್ನಾಯುವಿನಲ್ಲಿಯೇ ಉಳಿಯುತ್ತದೆ.

ಎಲುಬಿನ ವಿಷಯ ಇನ್ನೂ ಕಠಿನ. ಓಡುವಾಗ ಪಾದವು ನೆಲವನ್ನು ಮುಟ್ಟಿದಾಗಲೆಲ್ಲ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಒಂದು ಹೆಜ್ಜೆಗೆ ಒಂದು ಮೀಟರು ಎಂದಿಟ್ಟುಕೊಂಡರೂ ಮ್ಯಾರಥಾನಿನಲ್ಲಿ ಒಂದೊಂದು ಕಾಲಿಗೂ ಇಪ್ಪತ್ತೊಂದು ಸಾವಿರ ಹೊಡೆತ. ಇವುಗಳಿಂದಾಗುವ ಅತಿ ಸೂಕ್ಷ್ಮವಾದ ಹಾನಿಯನ್ನು ಎಲುಬು ತಾನೇ ಸರಿಪಡಿಸಿಕೊಂಡು ಮೊದಲಿಗಿಂತ ಬಲವಾಗುತ್ತದೆ. ಆದರೆ ಅದಕ್ಕೆ ಕಾಲ ಬೇಕು. ಹೃದಯವು ವಾರಗಳಲ್ಲಿ ಕಲಿಯುವುದನ್ನು ಎಲುಬು ಕಲಿಯಲು ತಿಂಗಳುಗಳು ಹಿಡಿಯುತ್ತವೆ. ಉಸಿರು “ಇನ್ನೂ ಓಡು” ಎನ್ನುತ್ತಿರುವಾಗ ಎಲುಬು ಮೌನವಾಗಿ ಸೋಲುತ್ತಿರುತ್ತದೆ. ನನ್ನ ವಿದ್ಯಾರ್ಥಿಗೆ ಆದುದು ಇದೇ.

ಸೈಕಲ್ಲಿನಲ್ಲಿ ಈ ಹೊಡೆತವಿಲ್ಲ. ನೀರಿನಲ್ಲಿ ತೂಕವೇ ಇಲ್ಲದಂತೆ ಇರುತ್ತದೆ. ಆದ್ದರಿಂದ ಟ್ರಯಾಥ್ಲಾನಿನ ಅಭ್ಯಾಸವನ್ನು ಮ್ಯಾರಥಾನಿನ ಅಭ್ಯಾಸಕ್ಕೆ ಕೂಡಬಾರದು. ಅದಕ್ಕೆ ಬದಲಾಗಿ ಇಡಬೇಕು ಎಂಬುದು ನನ್ನ ಅಭಿಪ್ರಾಯ. ವಾರದಲ್ಲಿ ಒಂದೆರಡು ಹಗುರವಾದ ಓಟಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ಸೈಕಲ್ ತುಳಿಯಿರಿ. ಹೃದಯಕ್ಕೆ ನಷ್ಟವಿಲ್ಲ, ಎಲುಬಿಗೆ ವಿರಾಮ ದೊರೆಯುತ್ತದೆ. ಆದರೆ ಭಾನುವಾರದ ದೀರ್ಘ ಓಟಕ್ಕೆ ಮಾತ್ರ ಬದಲಿಲ್ಲ. ಓಡುವಾಗ ತೊಡೆಯ ಸ್ನಾಯು ಪ್ರತಿ ಹೆಜ್ಜೆಯಲ್ಲಿಯೂ ಹಿಗ್ಗುತ್ತಲೇ ಭಾರವನ್ನು ತಡೆಯಬೇಕು. ಪೆಡಲು ತುಳಿಯುವಾಗ ಅದು ಕುಗ್ಗುತ್ತ ದುಡಿಯುತ್ತದೆ. ಸೈಕಲ್ಲು ಕಲಿಸದ ಈ ಪಾಠವನ್ನು ರಸ್ತೆಯೇ ಕಲಿಸಬೇಕು.

ಈಜಿನ ವಿಷಯದಲ್ಲಿ ಒಂದು ಮಾತು. ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರ. ಅದರ ರೋಧವು ವೇಗದ ವರ್ಗದಂತೆಯೂ, ಅದಕ್ಕೆ ಬೇಕಾದ ಸಾಮರ್ಥ್ಯವು ವೇಗದ ಘನದಂತೆಯೂ ಹೆಚ್ಚುತ್ತದೆ. ಶೇಕಡ ೧೦ರಷ್ಟು ಬೇಗ ಈಜಲು ಸುಮಾರು ೩೩ರಷ್ಟು ಹೆಚ್ಚು ಸಾಮರ್ಥ್ಯ ಬೇಕು. ಆದುದರಿಂದ ತೋಳಿನ ಬಲಕ್ಕಿಂತ ದೇಹವನ್ನು ನೀರಿನಲ್ಲಿ ನೇರವಾಗಿ ಮಲಗಿಸುವ ಕೌಶಲವೇ ಲಾಭಕರ. ವಾರಕ್ಕೆ ಎರಡು ಸಲ ಅರ್ಧ ಗಂಟೆ ಸಾಕು. ಕೆರೆಬಾವಿಗಳಿಗೆ ಮಾತ್ರ ಒಬ್ಬರೇ ಇಳಿಯಬೇಡಿ.

ಹೀಗೆ ನೋಡಿದರೆ ವಾರದ ಪಟ್ಟಿ ಸರಳವಾದುದು: ಸೋಮವಾರ ವಿಶ್ರಾಂತಿ, ಮಂಗಳವಾರ, ಶುಕ್ರವಾರ ಈಜು, ಬುಧವಾರ ವೇಗದ ಓಟ, ಗುರುವಾರ ಸೈಕಲ್ ಸವಾರಿ, ಇಳಿದೊಡನೆಯೇ ಎರಡು ಕಿಲೊಮೀಟರು ಓಟ, ಶನಿವಾರ ಹಗುರವಾದ ಸೈಕಲ್ ಸವಾರಿ, ಭಾನುವಾರ ದೀರ್ಘ ಓಟ. ಟ್ರಯಾಥ್ಲಾನ್ ಮ್ಯಾರಥಾನಿಗಿಂತ ಐದಾರು ವಾರ ಮೊದಲು ಬಂದರೆ ಅದೇ ಒಂದು ಒಳ್ಳೆಯ ವೇಗದ ಅಭ್ಯಾಸವಾಗುತ್ತದೆ.

“ಎರಡು ದೋಣಿಗಳಲ್ಲಿ ಕಾಲಿಡಬಾರದು” ಎಂದು ಹಿರಿಯರು ಆಕ್ಷೇಪಿಸಬಹುದು. ಒಂದೇ ಸ್ಪರ್ಧೆಯಲ್ಲಿ ಪದಕ ಗೆಲ್ಲಬೇಕೆನ್ನುವವನಿಗೆ ಆ ಮಾತು ಸರಿ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಓಡುವುದು ಪದಕಕ್ಕಲ್ಲ, ನಲವತ್ತು ವರ್ಷಗಳ ಮುಂದೆಯೂ ಓಡಬಲ್ಲ ದೇಹಕ್ಕಾಗಿ. ಅಂಥವರಿಗೆ ಒಂದೇ ಎಲುಬನ್ನು ದಿನವೂ ಬಡಿಯುವುದಕ್ಕಿಂತ ಮೂರು ಬಗೆಯ ದುಡಿಮೆ ಮೇಲು. ಪ್ರೌಢಶಾಲೆಯ ವಾಚಕರು ಇದನ್ನೂ ನೆನಪಿಡಬೇಕು: ಮುಂಬಯಿಯ ಪೂರ್ಣ ಮ್ಯಾರಥಾನಿಗೆ ಹದಿನೆಂಟು ವರ್ಷ ತುಂಬಿರಬೇಕು. ಬೆಳೆಯುವ ಎಲುಬಿಗೆ ಅವಸರ ಸಲ್ಲದು. ಐದು ಕಿಲೊಮೀಟರು ಸದ್ಯಕ್ಕೆ ಸಾಕು.

ಆ ವಿದ್ಯಾರ್ಥಿ ಈಗ ಗುಣ ಹೊಂದಿ ಮತ್ತೆ ಓಡುತ್ತಿದ್ದಾನೆ. ಮೊನ್ನೆ ಬಂದು ತನ್ನ ಹೊಸ ಪಟ್ಟಿಯನ್ನು ತೋರಿಸಿದನು. ಈ ಸಲ ನಾನು ಪ್ರಯೋಗಶಾಲೆಗೆ ಹೊರಡುವ ಮೊದಲು ಕುಳಿತು, ಅದನ್ನು ಸಾಲುಸಾಲಾಗಿ ಓದಿ, ಎರಡು ಓಟಗಳನ್ನು ಹೊಡೆದುಹಾಕಿ ಹಿಂದಿರುಗಿಸಿದೆನು.